ಉಷ್ಣಪಂಪಿನ ವಿದ್ಯುತ್ ಜೋಡಣೆ: ತತ್ತ್ವ, ಲೆಕ್ಕಾಚಾರ ಮತ್ತು ಸುರಕ್ಷತೆ

ಚಳಿಗಾಲದಲ್ಲಿ ಹೊರಗಿನ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುವ ದೇಶಗಳಲ್ಲಿ ಮನೆಯನ್ನು ಬೆಚ್ಚಗಿಡುವ ವ್ಯವಸ್ಥೆಯು ಅನ್ನ ನೀರುಗಳಷ್ಟೇ ಅಗತ್ಯವಾದುದು. ಬ್ರಿಟನ್ನಿನ ಬಹುಪಾಲು ಮನೆಗಳಲ್ಲಿ ದಶಕಗಳಿಂದ ಈ ಕೆಲಸವನ್ನು ನಿರ್ವಹಿಸುತ್ತಿರುವುದು ಅನಿಲದ ಬಾಯ್ಲರ್. ಅದರಲ್ಲಿ ವಿದ್ಯುತ್ತಿನ ಪಾತ್ರ ಅಲ್ಪವಾದುದು. ನೀರನ್ನು ತಿರುಗಿಸುವ ಸಣ್ಣ ಪಂಪಿಗೂ ನಿಯಂತ್ರಣ ಫಲಕಕ್ಕೂ 3 ಆಂಪಿಯರಿನ ಒಂದು ಫ್ಯೂಸು ಸಾಕಾಗುತ್ತದೆ. ಅದೇ ಜಾಗದಲ್ಲಿ ಉಷ್ಣಪಂಪನ್ನು ಸ್ಥಾಪಿಸಿದಾಗ ಮನೆಯನ್ನು ಬೆಚ್ಚಗಾಗಿಸುವ ಹೊಣೆಯೆಲ್ಲವೂ ತಾಮ್ರದ ತಂತಿಗಳ ಮೇಲೆ ಬೀಳುತ್ತದೆ. ಆ ಜೋಡಣೆಯ ತತ್ತ್ವಗಳನ್ನು ಬ್ರಿಟನ್ ಮತ್ತು ಜರ್ಮನಿಗಳ ಪದ್ಧತಿಯನ್ನು ಆಧರಿಸಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತತ್ತ್ವ ಮತ್ತು ಹಿನ್ನೆಲೆ

ಉಷ್ಣಪಂಪು ಶಾಖವನ್ನು ಉತ್ಪಾದಿಸುವುದಿಲ್ಲ. ತಣ್ಣನೆಯ ಹೊರಗಾಳಿ, ನೆಲ ಅಥವಾ ನದಿಯ ನೀರಿನಲ್ಲಿರುವ ಶಾಖವನ್ನು ಹೀರಿ ಮೇಲಿನ ಉಷ್ಣತೆಗೆ ಎತ್ತಿ ಮನೆಯೊಳಗೆ ಬಿಡುತ್ತದೆ. ಶೈತ್ಯಾಗಾರದ ತತ್ತ್ವವೂ ಇದೇ. ಯಂತ್ರಬಲದಿಂದ ಕಟ್ಟಡಗಳನ್ನು ಹೀಗೆ ಕಾಯಿಸಬಹುದೆಂಬುದನ್ನು 1852ರಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಜ್ಞಾನಿ, ಪ್ರತಿಪಾದಿಸಿದನು. 1938ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪುರಭವನವನ್ನು ಲಿಮ್ಮಾಟ್ ನದಿಯ ನೀರಿನ ಶಾಖದಿಂದ ಬೆಚ್ಚಗಾಗಿಸಲಾಯಿತು. 1945ರಲ್ಲಿ ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ಜಾನ್ ಸಮ್ನರ್ ಎಂಬ ಎಂಜಿನಿಯರ್ ವೆನ್ಸಮ್ ನದಿಯನ್ನು ಬಳಸಿ ಇಂಥದೇ ವ್ಯವಸ್ಥೆಯನ್ನು ರೂಪಿಸಿದನು.

1 ಯೂನಿಟ್ ವಿದ್ಯುತ್ತಿಗೆ 3 ಯೂನಿಟ್ ಶಾಖ ದೊರೆತರೆ ಪಂಪಿನ ಕ್ಷಮತಾಂಕ 3 ಎನ್ನುತ್ತೇವೆ. ಹೊರಗಿನ ಚಳಿ ಹೆಚ್ಚಿದಷ್ಟೂ ಈ ಅಂಕ ಇಳಿಯುತ್ತದೆ. ವಿದ್ಯುತ್ ಜೋಡಣೆಯ ಲೆಕ್ಕವೆಲ್ಲ ಆರಂಭವಾಗುವುದು ಈ ಅಂಶದಿಂದ.

ಪ್ರವಾಹದ ಲೆಕ್ಕ

8 ಕಿಲೋವ್ಯಾಟ್ ಶಾಖ ನೀಡುವ ಒಂದು ಪಂಪನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕ್ಷಮತಾಂಕ 3 ಇರುವ ದಿನ ಅದು ಸುಮಾರು 2.7 ಕಿಲೋವ್ಯಾಟ್ ವಿದ್ಯುತ್ತನ್ನು ಬಳಸುತ್ತದೆ. 230 ವೋಲ್ಟಿನಲ್ಲಿ ಇದು ಸುಮಾರು 12 ಆಂಪಿಯರ್. ಕಡುಚಳಿಯಲ್ಲಿ ಅಂಕವು 2ಕ್ಕೆ ಇಳಿದರೆ ಅಷ್ಟೇ ಶಾಖಕ್ಕೆ 4 ಕಿಲೋವ್ಯಾಟ್, ಎಂದರೆ 17 ಆಂಪಿಯರಿಗೂ ಮಿಗಿಲಾದ ಪ್ರವಾಹ ಬೇಕು. ಅಂಥ ದಿನವೇ 3 ಕಿಲೋವ್ಯಾಟಿನ ಸಹಾಯಕ ಕಾವು ಸುರುಳಿಯೂ ಚಾಲನೆಗೊಂಡರೆ ಇನ್ನೂ 13 ಆಂಪಿಯರ್ ಕೂಡಿಕೊಳ್ಳುತ್ತದೆ. ಆದಕಾರಣ ತಂತಿಯನ್ನು ಸರಾಸರಿ ದಿನದ ಬಳಕೆಗಲ್ಲದೆ, ತಯಾರಕರು ನಾಮಫಲಕದಲ್ಲಿ ನಮೂದಿಸಿದ ಗರಿಷ್ಠ ಪ್ರವಾಹಕ್ಕೆ ಅನುಗುಣವಾಗಿ ಆರಿಸಬೇಕು. ಪಂಪಿಗೂ ಸಹಾಯಕ ಸುರುಳಿಗೂ ವಿತರಣಾ ಫಲಕದಿಂದ ಪ್ರತ್ಯೇಕ ಮಂಡಲಗಳನ್ನು ಎಳೆಯುವುದು ರೂಢಿ.

ಈ ಹೊರೆಯನ್ನು ಮನೆಯ ಮುಖ್ಯ ಫ್ಯೂಸು ತಾಳಬೇಕು. ಬ್ರಿಟನ್ನಿನ ಮನೆಗಳಲ್ಲಿ ಅದು ಸಾಮಾನ್ಯವಾಗಿ 60, 80 ಅಥವಾ 100 ಆಂಪಿಯರಿನದು. 9 ಕಿಲೋವ್ಯಾಟಿನ ವಿದ್ಯುತ್ ಸ್ನಾನಯಂತ್ರವೊಂದೇ 39 ಆಂಪಿಯರ್ ಸೆಳೆಯುವ ಮನೆಯಲ್ಲಿ 60 ಆಂಪಿಯರಿನ ಫ್ಯೂಸಿಗೆ ಉಷ್ಣಪಂಪನ್ನು ಸೇರಿಸುವ ಮೊದಲು ಒಟ್ಟು ಬೇಡಿಕೆಯನ್ನು ಲೆಕ್ಕ ಹಾಕಿ, ವಿತರಣಾ ಸಂಸ್ಥೆಗೆ ತಿಳಿಸಬೇಕಾಗುತ್ತದೆ.

ತಂತಿಯ ಆಯ್ಕೆ

ತಂತಿಯ ಅಡ್ಡಕೊಯ್ತವನ್ನು ಎರಡು ಅಂಶಗಳು ನಿರ್ಧರಿಸುತ್ತವೆ. ಮೊದಲನೆಯದು ವೋಲ್ಟೇಜಿನ ಇಳಿಕೆ. ಬ್ರಿಟನ್ನಿನ ಜೋಡಣಾ ಸಂಹಿತೆಯ ಕೋಷ್ಟಕದಂತೆ 2.5 ಚದರ ಮಿಲಿಮೀಟರಿನ ತಾಮ್ರದ ಜೋಡಿತಂತಿಯಲ್ಲಿ ಪ್ರತಿ ಆಂಪಿಯರಿಗೆ ಪ್ರತಿ ಮೀಟರಿಗೆ 18 ಮಿಲಿವೋಲ್ಟ್ ನಷ್ಟವಾಗುತ್ತದೆ. 25 ಮೀಟರ್ ದೂರಕ್ಕೆ 20 ಆಂಪಿಯರ್ ಹರಿದರೆ ಒಟ್ಟು ನಷ್ಟ 9 ವೋಲ್ಟ್. ಎಂದರೆ ಶೇಕಡ 3.9. ಮಿತಿ ಶೇಕಡ 5 ಆದುದರಿಂದ ಇದು ಸಮ್ಮತವೇ. ಆದರೂ 6 ಚದರ ಮಿಲಿಮೀಟರಿನ ತಂತಿಯಲ್ಲಿ ನಷ್ಟವು 3.65 ವೋಲ್ಟಿಗೆ ಇಳಿಯುತ್ತದೆ. ವರ್ಷದಲ್ಲಿ ಸಾವಿರಾರು ಗಂಟೆ ದುಡಿಯುವ ಯಂತ್ರಕ್ಕೆ ದಪ್ಪ ತಂತಿಯೇ ಮೇಲು.

ಎರಡನೆಯದು ತಂತಿಯ ಬಿಸಿ. ಗೋಡೆಯ ಮೇಲೆ ಬಡಿದು ನಿಲ್ಲಿಸಿದ 2.5 ಚದರ ಮಿಲಿಮೀಟರಿನ ತಂತಿ 27 ಆಂಪಿಯರನ್ನು ಹೊರಬಲ್ಲುದು. ಅದೇ ತಂತಿಯನ್ನು ಉಷ್ಣನಿರೋಧಕ ಹೊದಿಕೆಯೊಳಗೆ ಪೂರ್ಣವಾಗಿ ಹುದುಗಿಸಿದರೆ ಸಾಮರ್ಥ್ಯ ಅರ್ಧಕ್ಕೆ, 13.5 ಆಂಪಿಯರಿಗೆ ಕುಸಿಯುತ್ತದೆ. ಉಷ್ಣಪಂಪು ಚೆನ್ನಾಗಿ ದುಡಿಯಬೇಕಾದರೆ ಮನೆಗೆ ದಟ್ಟವಾದ ನಿರೋಧಕ ಹೊದಿಕೆ ಬೇಕು. ಆ ಹೊದಿಕೆಯೇ ತಂತಿಯನ್ನು ಅಪಾಯದ ಮಟ್ಟಕ್ಕೆ ಕಾಯಿಸಬಲ್ಲುದು. ಅಟ್ಟದಲ್ಲಿ ಹಾಯುವ ತಂತಿಯನ್ನು ಹೊದಿಕೆಯ ಮೇಲಿನಿಂದ ಒಯ್ಯಬೇಕೆಂಬ ನಿಯಮಕ್ಕೆ ಇದೇ ಕಾರಣ.

ರಕ್ಷಣೆ ಮತ್ತು ಭೂಸಂಪರ್ಕ

ಅತಿಪ್ರವಾಹದಿಂದ ಕಾಪಾಡುವ ಎಂ.ಸಿ.ಬಿ.ಗಳಲ್ಲಿ ಬಿ ವರ್ಗದವು ನಿಗದಿತ ಪ್ರವಾಹದ 3ರಿಂದ 5 ಪಟ್ಟಿನಲ್ಲಿಯೂ, ಸಿ ವರ್ಗದವು 5ರಿಂದ 10 ಪಟ್ಟಿನಲ್ಲಿಯೂ ಕ್ಷಣಾರ್ಧದಲ್ಲಿ ಮಂಡಲವನ್ನು ಕಡಿಯುತ್ತವೆ. ಒಮ್ಮೆಲೇ ಪೂರ್ಣ ವೇಗಕ್ಕೆ ಏರುವ ಹಳೆಯ ಮಾದರಿಯ ಕಂಪ್ರೆಸರ್ ಆರಂಭದಲ್ಲಿ ಹೆಚ್ಚು ಪ್ರವಾಹ ಸೆಳೆಯುವುದರಿಂದ ಸಿ ವರ್ಗ ಬೇಕಾಗುತ್ತದೆ. ಇನ್ವರ್ಟರಿನಿಂದ ನಡೆಯುವ ಇಂದಿನ ಪಂಪುಗಳು ಮೆಲ್ಲನೆ ವೇಗ ಪಡೆಯುತ್ತವೆ.

ಆದರೆ ಇನ್ವರ್ಟರ್ ತನ್ನದೇ ಆದ ತೊಡಕೊಂದನ್ನು ತರುತ್ತದೆ. ಅದು ಪರ್ಯಾಯ ಪ್ರವಾಹವನ್ನು ಮೊದಲು ಏಕಮುಖ ಪ್ರವಾಹವಾಗಿ ಮಾರ್ಪಡಿಸುತ್ತದೆ. ದೋಷವುಂಟಾದಾಗ ಈ ಏಕಮುಖ ಪ್ರವಾಹ ಭೂಮಿಗೆ ಸೋರಬಹುದು. ಸೋರಿಕೆಯನ್ನು ಗುರುತಿಸಿ ಮಂಡಲವನ್ನು ಕಡಿಯುವ ಆರ್.ಸಿ.ಡಿ.ಯ ಒಳಗಿನ ಕಬ್ಬಿಣದ ಉಂಗುರವು ಏಕಮುಖ ಪ್ರವಾಹದಿಂದ ಕಾಂತೀಯವಾಗಿ ತುಂಬಿಹೋದರೆ ಸಾಧನವು ಕುರುಡಾಗುತ್ತದೆ. ಮನುಷ್ಯನೊಬ್ಬನಿಗೆ ಆಘಾತವಾಗುತ್ತಿದ್ದರೂ ಅದು ಕೆಲಸ ಮಾಡದೆ ಹೋಗಬಹುದು. ಎ ವರ್ಗದ ಆರ್.ಸಿ.ಡಿ. 6 ಮಿಲಿಆಂಪಿಯರ್ ಏಕಮುಖ ಸೋರಿಕೆಯನ್ನು ಮಾತ್ರ ತಾಳಿಕೊಳ್ಳುತ್ತದೆ. ಎಫ್ ವರ್ಗದ್ದು 10ನ್ನು. ಬಿ ವರ್ಗದ್ದು ನಯವಾದ ಏಕಮುಖ ಸೋರಿಕೆಯನ್ನೂ ಗುರುತಿಸಿ ಕಡಿಯುತ್ತದೆ. ಆದ್ದರಿಂದ ಅಗ್ಗದ ಸಾಧನವನ್ನು ಹಾಕದೆ ತಯಾರಕರು ಸೂಚಿಸಿದ ವರ್ಗವನ್ನೇ ಬಳಸುವುದು ಅನಿವಾರ್ಯ.

ಭೂಸಂಪರ್ಕದ ಮಹತ್ತ್ವವನ್ನೂ ಲೆಕ್ಕದಿಂದಲೇ ಅರಿಯಬಹುದು. 20 ಆಂಪಿಯರಿನ ಸಿ ವರ್ಗದ ಎಂ.ಸಿ.ಬಿ. ತಕ್ಷಣ ಕಡಿಯಲು 200 ಆಂಪಿಯರ್ ದೋಷಪ್ರವಾಹ ಬೇಕು. ಅಷ್ಟು ಹರಿಯಬೇಕಾದರೆ ದೋಷಮಾರ್ಗದ ಪ್ರತಿರೋಧ ಸುಮಾರು 1.1 ಓಮಿಗಿಂತ ಮೀರಬಾರದು. ನೆಲದಲ್ಲಿ ಹೂತ ಸರಳನ್ನೇ ನೆಚ್ಚಿಕೊಂಡ ಹಳ್ಳಿಯ ಮನೆಯಲ್ಲಿ ಆ ಪ್ರತಿರೋಧ 50 ಓಮ್ ಇದ್ದರೆ ಹರಿಯುವುದು 4.6 ಆಂಪಿಯರ್ ಮಾತ್ರ. ಎಂ.ಸಿ.ಬಿ. ಅದನ್ನು ಸಾಮಾನ್ಯ ಹೊರೆಯೆಂದೇ ಭಾವಿಸುತ್ತದೆ. ಅಂಗಳದಲ್ಲಿರುವ ಪಂಪಿನ ಲೋಹದ ಕವಚ ಮಾತ್ರ ವಿದ್ಯುತ್ತಿನಿಂದ ತುಂಬಿರುತ್ತದೆ. ಅಲ್ಲಿ ಪ್ರಾಣ ಉಳಿಸುವುದು 30 ಮಿಲಿಆಂಪಿಯರಿನ ಆರ್.ಸಿ.ಡಿ. ಒಂದೇ.

ಬೇರ್ಪಡಿಸುವ ಸ್ವಿಚ್ಚು

ದುರಸ್ತಿಯ ವೇಳೆ ಎಲ್ಲ ವಾಹಕಗಳನ್ನೂ ಏಕಕಾಲಕ್ಕೆ ಕಡಿಯಬಲ್ಲ, ಬೀಗ ಹಾಕಲು ಬರುವ ಸ್ವಿಚ್ಚೊಂದು ಹೊರಘಟಕದ ಸಮೀಪ ಇರಬೇಕು. ಪ್ರೊಪೇನನ್ನು ಶೀತಕವಾಗಿ ಬಳಸುವ ಪಂಪುಗಳಲ್ಲಿ ಈ ಸ್ವಿಚ್ಚು ತಯಾರಕರು ಗುರುತಿಸಿದ ರಕ್ಷಿತ ವಲಯದ ಹೊರಗಿರತಕ್ಕದ್ದು. ಏಕೆಂದರೆ ಪ್ರೊಪೇನ್ ಉರಿಯುವ ಅನಿಲ, ಸ್ವಿಚ್ಚಿನ ಕಿಡಿ ಅದಕ್ಕೆ ಸಾಕು. ಸ್ವಿಚ್ಚನ್ನು ಆರಿಸಿದ ಕೂಡಲೇ ಕವಚ ತೆರೆಯುವುದೂ ತರವಲ್ಲ. ಇನ್ವರ್ಟರಿನ ಕೆಪಾಸಿಟರುಗಳಲ್ಲಿ ಸುಮಾರು 325 ವೋಲ್ಟ್, ಮೂರು ಫೇಸಿನ ಯಂತ್ರದಲ್ಲಿ ಸುಮಾರು 565 ವೋಲ್ಟ್ ಕೆಲವು ನಿಮಿಷಗಳ ಕಾಲ ಉಳಿದಿರುತ್ತದೆ.

ಚಳಿಗಾಲದಲ್ಲಿ ಈ ಸ್ವಿಚ್ಚನ್ನು ಅಕಾರಣವಾಗಿ ಆರಿಸಬಾರದೆಂಬ ಸೂಚನೆಯನ್ನೂ ಅಲ್ಲಿಯೇ ಅಂಟಿಸುವುದು ಒಳಿತು. ವಿದ್ಯುತ್ ಇಲ್ಲದಿದ್ದರೆ ನೀರಿನ ಚಲನೆ ನಿಂತು, ಹೊರಗಿನ ಕೊಳವೆಯಲ್ಲಿ ಹಿಮಗಟ್ಟಿ ಶಾಖವಿನಿಮಯಕ ಒಡೆಯಬಹುದು.

ನಿಯಂತ್ರಣ ತಂತಿಗಳು

ಕೋಣೆಯ ಉಷ್ಣತಾ ನಿಯಂತ್ರಕ, ಸಂವೇದಕಗಳು, ನೀರಿನ ಹರಿವನ್ನು ಹೊರಳಿಸುವ ಮೂರು ದಾರಿಯ ಕವಾಟ ಇವೆಲ್ಲವನ್ನೂ ಪಂಪಿನ ಫಲಕಕ್ಕೆ ಜೋಡಿಸಬೇಕು. ಸಂವೇದಕಗಳ ತಂತಿಗಳು ಅಲ್ಪ ವೋಲ್ಟೇಜಿನವು. ಅವನ್ನು ವಿದ್ಯುತ್ ತಂತಿಗಳಿಂದ ದೂರ, ಬೇರೆ ಕೊಳವೆಯಲ್ಲಿ ಒಯ್ಯಬೇಕು. ಕೆಲವು ಪಂಪುಗಳ ನಿಯಂತ್ರಣ ದ್ವಾರಗಳು ವೋಲ್ಟೇಜಿಲ್ಲದ ಸಂಪರ್ಕವನ್ನು ಮಾತ್ರ ಸ್ವೀಕರಿಸುತ್ತವೆ. ಹಳೆಯ ಬಾಯ್ಲರಿನ ನಿಯಂತ್ರಕವು 230 ವೋಲ್ಟನ್ನೇ ಕಳುಹಿಸುವ ಬಗೆಯದಾದರೆ, ನೇರವಾಗಿ ಜೋಡಿಸಿದ ಮರುಕ್ಷಣ ಫಲಕ ಸುಟ್ಟುಹೋಗುತ್ತದೆ. ನಡುವೆ ರಿಲೇ ಬೇಕು. ಆ ನಿಯಂತ್ರಕಕ್ಕೆ ಬೇರೊಂದು ಮಂಡಲದಿಂದ ವಿದ್ಯುತ್ ಬರುತ್ತಿದ್ದರೆ, ಪಂಪಿನ ಸ್ವಿಚ್ಚು ಆರಿಸಿದ ಮೇಲೂ ಕೆಲವು ತುದಿಗಳು ಸಜೀವವಾಗಿರುತ್ತವೆ. ದುರಸ್ತಿಗಾರರ ಪ್ರಾಣಕ್ಕೆ ಸಂಚಕಾರ ತರುವ ಇಂಥ ಜೋಡಣೆಗೆ ಎಚ್ಚರಿಕೆಯ ಫಲಕ ಅಗತ್ಯ.

ಜರ್ಮನಿಯಲ್ಲಿ ಇನ್ನೊಂದು ನಿಯಂತ್ರಣವೂ ಸೇರಿದೆ. 2024ರ ಜನವರಿ 1ರಿಂದ ಹೊಸದಾಗಿ ಅಳವಡಿಸುವ, 4.2 ಕಿಲೋವ್ಯಾಟಿಗಿಂತ ಹೆಚ್ಚು ವಿದ್ಯುತ್ ಬಳಸುವ ಉಷ್ಣಪಂಪುಗಳ ಬಳಕೆಯನ್ನು, ಜಾಲದ ಮೇಲೆ ಒತ್ತಡ ಬಿದ್ದಾಗ ವಿತರಣಾ ಸಂಸ್ಥೆ ತಾತ್ಕಾಲಿಕವಾಗಿ ತಗ್ಗಿಸಬಹುದು. ಪೂರ್ತಿ ಕಡಿಯುವಂತಿಲ್ಲ, ಕನಿಷ್ಠ 4.2 ಕಿಲೋವ್ಯಾಟ್ ಒದಗಿಸಲೇಬೇಕು. ಪ್ರತಿಯಾಗಿ ಗ್ರಾಹಕನಿಗೆ ಜಾಲಶುಲ್ಕದಲ್ಲಿ ರಿಯಾಯಿತಿಯುಂಟು.

ಪರೀಕ್ಷೆ

ಚಾಲನೆಗೆ ಮುನ್ನ ವಿದ್ಯುತ್ ಹರಿಸದೆ ಭೂಸಂಪರ್ಕದ ಅಖಂಡತೆಯನ್ನೂ, 500 ವೋಲ್ಟಿನಲ್ಲಿ ನಿರೋಧಕದ ಸ್ಥಿತಿಯನ್ನೂ ಪರೀಕ್ಷಿಸಬೇಕು. ಇನ್ವರ್ಟರಿನ ಫಲಕವನ್ನು ಆಗ ಬಿಡಿಸಿಡದಿದ್ದರೆ ಪರೀಕ್ಷೆಯೇ ಅದನ್ನು ಕೆಡಿಸೀತು. ಅನಂತರ ವಿದ್ಯುತ್ ಹರಿಸಿ ದೋಷಮಾರ್ಗದ ಪ್ರತಿರೋಧವನ್ನೂ ಆರ್.ಸಿ.ಡಿ.ಯ ವೇಗವನ್ನೂ ಅಳೆಯಲಾಗುತ್ತದೆ. ಮೂರು ಫೇಸಿಗೆ ನೇರವಾಗಿ ಜೋಡಿಸಿದ ಕಂಪ್ರೆಸರಾದರೆ ಫೇಸುಗಳ ಅನುಕ್ರಮವನ್ನೂ ನೋಡಬೇಕು. ಸುರುಳಿ ಮಾದರಿಯ ಕಂಪ್ರೆಸರ್ ಹಿಮ್ಮುಖವಾಗಿ ತಿರುಗಿದರೆ ಕೆಡುತ್ತದೆ.

ನಮ್ಮ ಹವೆಯಲ್ಲಿ ಮನೆ ಕಾಯಿಸುವ ಅಗತ್ಯ ವಿರಳ. ಆದರೂ ಕರ್ನಾಟಕದ ಹೋಟೆಲುಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ, ವಸತಿ ಸಮುಚ್ಚಯಗಳಲ್ಲಿ ಸ್ನಾನದ ನೀರಿಗಾಗಿ ಉಷ್ಣಪಂಪುಗಳು ಬಳಕೆಗೆ ಬಂದಿವೆ. ತಾರಸಿಯ ಮೇಲೆ ಮಳೆಬಿಸಿಲಿಗೆ ಮೈಯೊಡ್ಡಿ ನಿಂತ ಆ ಯಂತ್ರಗಳಿಗೂ ಪ್ರತ್ಯೇಕ ಮಂಡಲ, ತಕ್ಕ ಆರ್.ಸಿ.ಡಿ., ಅಳೆದು ಖಚಿತಪಡಿಸಿಕೊಂಡ ಭೂಸಂಪರ್ಕ ಇವು ಅಷ್ಟೇ ಅಗತ್ಯ. ಭಾರತೀಯ ಮಾನಕಗಳಾದ ಐ.ಎಸ್. 732 ವಿದ್ಯುತ್ ಜೋಡಣೆಯನ್ನೂ, ಐ.ಎಸ್. 3043 ಭೂಸಂಪರ್ಕವನ್ನೂ ಕುರಿತು ಮಾರ್ಗದರ್ಶನ ನೀಡುತ್ತವೆ. ಉಳಿತಾಯದ ಯಂತ್ರವೆಂದು ಕೊಂಡುತಂದದ್ದು ಅಪಾಯದ ಯಂತ್ರವಾಗದಿರಲು ಅವುಗಳ ಪಾಲನೆ ಅವಶ್ಯಕ.