ಎರೆಭೂಮಿಯಿಂದ ಕೆಂಪು ಬಂಡೆಗೆ: ಚಿಮ್ಮಡ–ಬಾದಾಮಿ ಶಿಲಾದರ್ಶನ ಮಾರ್ಗ

ಬಾದಾಮಿಯ ಕೆಂಪು ಬಂಡೆಗಳನ್ನು ಕಂಡ ಪ್ರವಾಸಿಗರಲ್ಲಿ ಅನೇಕರು ಈ ಪ್ರದೇಶವು ಹಿಂದೊಮ್ಮೆ ಮರಳುಗಾಡಾಗಿದ್ದಿರಬೇಕೆಂದು ಭಾವಿಸುವುದುಂಟು. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ರಬಕವಿ-ಬನಹಟ್ಟಿ ತಾಲ್ಲೂಕಿನ ಚಿಮ್ಮಡದಿಂದ ಹೊರಟು, ದಾರಿಯುದ್ದಕ್ಕೂ ಮಣ್ಣು ಮತ್ತು ಕಲ್ಲುಗಳನ್ನು ಗಮನಿಸುತ್ತಾ ಸಾಗಿದರೆ ಒಂದೇ ಹಗಲಿನಲ್ಲಿ ತಿಳಿಯಬಹುದಾಗಿದೆ. ಮಹಾಲಿಂಗಪುರ, ಮುಧೋಳ, ಲೋಕಾಪುರ, ಕಲಾದಗಿ, ಗದ್ದನಕೇರಿ ಕ್ರಾಸ್ ಹಾಗೂ ಕೆರೂರು ಮೂಲಕ ಬಾದಾಮಿಯನ್ನು ತಲುಪುವುದು ಅನುಕೂಲಕರ.

ಚಿಮ್ಮಡದ ಸುತ್ತಮುತ್ತ ಕಬ್ಬು ಬೆಳೆಯುವ ಎರೆಭೂಮಿಯಿದೆ. ಬಾಗಲಕೋಟೆ ಜಿಲ್ಲೆಯ ಉತ್ತರ ಭಾಗವನ್ನು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ ಪದರಗಳು ಆವರಿಸಿದ್ದು, ಆ ಕಪ್ಪು ಕಲ್ಲು ಶಿಥಿಲಗೊಂಡು ಇಂತಹ ಮಣ್ಣು ಉಂಟಾಗುತ್ತದೆ. ಈ ಮಾರ್ಗದಲ್ಲಿ ಕಾಣಸಿಗುವ ಶಿಲೆಗಳಲ್ಲಿ ಇದೇ ಅತ್ಯಂತ ಕಿರಿಯದು.

ಮುಧೋಳವನ್ನು ದಾಟಿ ಲೋಕಾಪುರದತ್ತ ಸಾಗಿದಂತೆ ಸುಣ್ಣಕಲ್ಲಿನ ಸೀಮೆ ಆರಂಭವಾಗುತ್ತದೆ. ಸಿಮೆಂಟ್ ತಯಾರಿಕೆಗೆ ಆಧಾರವಾದ ಈ ಕಲ್ಲು ನೂರು ಕೋಟಿ ವರ್ಷಗಳಿಗಿಂತ ಹಳೆಯ ಸಮುದ್ರದ ತಳದಲ್ಲಿ ಶೇಖರವಾದುದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು 1876ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಶಿಲಾಶ್ರೇಣಿಗೆ ಕಲಾದಗಿಯ ಹೆಸರನ್ನೇ ಇಟ್ಟರು. ದಾಳಿಂಬೆಗೆ ಹೆಸರಾದ ಈ ಗ್ರಾಮದ ಹೆಸರು ಭೂವಿಜ್ಞಾನದ ಗ್ರಂಥಗಳಲ್ಲಿಯೂ ಇದೆಯೆಂಬುದು ಅನೇಕರಿಗೆ ತಿಳಿದಿಲ್ಲ. ಬಾಗಲಕೋಟೆಯ ಆಸುಪಾಸಿನ ಗುಡ್ಡಗಳಲ್ಲಿ ಈ ಹಳೆಯ ಪದರಗಳು ಭೂಮಿಯ ಒತ್ತಡದಿಂದ ಮಡಿಚಿ ವಾಲಿಕೊಂಡಿರುತ್ತವೆ.

ಕೆರೂರಿನಿಂದ ಮುಂದೆ ನೋಟ ಬದಲಾಗುತ್ತದೆ. ಇಲ್ಲಿನ ಮರಳುಗಲ್ಲಿನ ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿ, ಜೋಡಿಸಿಟ್ಟ ಹಾಸುಗಲ್ಲುಗಳಂತೆ ಇವೆ. ವಾಲಿದ ಹಳೆಯ ಪದರಗಳು ದೀರ್ಘಕಾಲ ಸವೆದ ನಂತರ ಅವುಗಳ ಮೇಲೆ ಇವು ಶೇಖರವಾದವು.

ಇವು ಮರಳುಗಾಡಿನ ದಿಬ್ಬಗಳೇ ಎಂಬ ಪ್ರಶ್ನೆಗೆ ಬಂಡೆಯಲ್ಲಿಯೇ ಉತ್ತರವಿದೆ. ಅಲ್ಲಲ್ಲಿ ಮರಳಿನೊಂದಿಗೆ ಉರುಟಾದ ಹರಳುಕಲ್ಲುಗಳು ಸೇರಿಕೊಂಡಿರುವುದನ್ನು ಕಾಣಬಹುದು. ಅಂತಹ ಕಲ್ಲನ್ನು ಗಾಳಿ ಹೊತ್ತು ತರಲಾರದು. ಹರಿಯುವ ನೀರು ಮಾತ್ರ ಉರುಳಿಸಿ ನುಣುಪುಗೊಳಿಸಬಲ್ಲದು. ಮಟ್ಟಸವಾದ ಎರಡು ಪದರಗಳ ನಡುವೆ ಒಂದೇ ದಿಕ್ಕಿಗೆ ವಾಲಿದ ಸಣ್ಣ ಓರೆಗೆರೆಗಳು ನದಿಯ ಮರಳುದಿಣ್ಣೆಗಳು ಮುಂದೆ ಸರಿದ ಗುರುತುಗಳಾಗಿವೆ. ಆದುದರಿಂದ ಇದು ನದಿಗಳು ತಂದ ಮರಳು. ಆದರೆ ಆ ಕಾಲದ ನೆಲದ ಮೇಲೆ ಗಿಡಮರಗಳಾಗಲೀ ಹುಲ್ಲಾಗಲೀ ಇನ್ನೂ ಹುಟ್ಟಿರಲಿಲ್ಲ. ದಡವನ್ನು ಹಿಡಿದಿಡುವ ಬೇರುಗಳಿಲ್ಲದೆ ನದಿಗಳು ಹಲವು ಕವಲುಗಳಾಗಿ ಹರಡಿ ಹರಿಯುತ್ತಿದ್ದವು. ಮಳೆಯಿದ್ದರೂ ಹಸಿರಿಲ್ಲದ ನಾಡು ಅದು; ಪ್ರವಾಸಿಗರ ಊಹೆ ಅಷ್ಟರಮಟ್ಟಿಗೆ ನಿಜ. ಕೆಂಪು ಬಣ್ಣಕ್ಕೆ ಮರಳಿನ ಕಣಗಳಿಗೆ ಅಂಟಿದ ಕಬ್ಬಿಣದ ಅಂಶ ಕಾರಣ.

ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ದಂಡೆಯಲ್ಲಿ ನಿಂತು ನೋಡಿದರೆ ಬಂಡೆಗಳು ನೇರವಾದ ಬಿರುಕುಗಳ ಗುಂಟ ಸೀಳಿ ಗೋಡೆಗಳಂತೆ ನಿಂತಿರುವುದು ಕಾಣುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿ ಪದರಗಳು ಹೆಚ್ಚು ಸ್ಪಷ್ಟವಾಗಿರುತ್ತವೆ. ಕೊರೆಯಲು ಒದಗುವ ಈ ಮಟ್ಟಸ ಪದರಗಳನ್ನು ಚಾಲುಕ್ಯರ ಶಿಲ್ಪಿಗಳು ಚೆನ್ನಾಗಿ ಬಲ್ಲವರಾಗಿದ್ದರು. ಒಂದನೆಯ ಪುಲಕೇಶಿಯು ಕೋಟೆ ಕಟ್ಟಿಸಿದ ಕ್ರಿ.ಶ. 543ರ ಶಾಸನ ಬಂಡೆಯ ಮೇಲೆಯೇ ಇದೆ. ಮೂರನೆಯ ಗುಹೆಯಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ. ಗುಹೆಯೊಳಗಿನ ಕಂಬಗಳಲ್ಲಿ ಬಣ್ಣಬಣ್ಣದ ಪಟ್ಟೆಗಳು ಅಡ್ಡಹಾಯ್ದಿರುವುದನ್ನು ತಪ್ಪದೆ ಗಮನಿಸಬೇಕು. ಅವು ಬಳಿದ ಬಣ್ಣವಲ್ಲ, ಕಲ್ಲಿನದೇ ಪಟ್ಟೆಗಳು. ಕೈಯಲ್ಲಿ ತಿಂಡಿಯಿದ್ದರೆ ಮಾತ್ರ ಕೋತಿಗಳು ನೋಡಲು ಬಿಡುವುದಿಲ್ಲ.

ಸಂರಕ್ಷಿತ ಸ್ಮಾರಕಗಳ ಕಲ್ಲನ್ನು ಒಡೆಯುವುದು, ಹೆಸರು ಕೆತ್ತುವುದು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಡಿ ಅಪರಾಧವಾಗಿದ್ದು, 2010ರ ತಿದ್ದುಪಡಿಯಂತೆ 2 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಸಂರಕ್ಷಿತ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಗಳಿಗೆ ಅವಕಾಶವಿಲ್ಲ. ಅಲ್ಲಿ ಹಳೆಯ ಮನೆಯ ದುರಸ್ತಿಗೆ ಹಾಗೂ ಅದರಾಚೆಯ 200 ಮೀಟರ್ ವ್ಯಾಪ್ತಿಯಲ್ಲಿ ಕಟ್ಟಡ ಕಟ್ಟಲು ಬಯಸುವವರು ಕೆಲಸ ಆರಂಭಿಸುವ ಮುನ್ನವೇ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ಅನುಮತಿ ಪಡೆಯತಕ್ಕದ್ದು.