ಏರುದಾರಿಯ ಪಣ

ಚಳ್ಳಕೆರೆಯ ಕಡೆಯಿಂದ ಮೊಳಕಾಲ್ಮೂರಿಗೆ ಬೈಸಿಕಲ್ಲಿನ ಮೇಲೆ ಹೋದವರಿಗೆ ಒಂದು ಸಂಗತಿ ಅನುಭವದಿಂದಲೇ ತಿಳಿದಿರುತ್ತದೆ. ಶೇಂಗಾ ಹೊಲಗಳ ನಡುವಣ ಬಯಲಿನಲ್ಲಿ ನಾಲ್ವರು ಜೊತೆಗೂಡಿ ಹೊರಟರೆ ಬಲಶಾಲಿಗೂ ದುರ್ಬಲನಿಗೂ ಹೆಚ್ಚಿನ ಅಂತರ ಕಾಣದು. ಮುಂದಿರುವವನು ಗಾಳಿಯನ್ನು ಸೀಳುತ್ತಾನೆ; ಹಿಂದಿರುವವನು ಅವನ ಮರೆಯಲ್ಲಿ ಅರ್ಧ ಶ್ರಮದಿಂದಲೇ ಬರುತ್ತಾನೆ. ಆದರೆ ಕಲ್ಲುಬೆಟ್ಟಗಳ ಸೀಮೆ ಬಂದು ದಾರಿ ಏರತೊಡಗಿತೆಂದರೆ ಈ ಉಪಾಯಗಳೆಲ್ಲ ಮುಗಿದವು. ಯಾರ ಎದೆಯಲ್ಲಿ ಉಸಿರಿದೆ, ಯಾರ ಕಾಲಿನಲ್ಲಿ ಕಸುವಿದೆ ಎಂಬುದು ಅರ್ಧ ಮೈಲಿಯೊಳಗೆ ಪ್ರಕಟವಾಗುತ್ತದೆ. ಏರಿನಲ್ಲಿ ನಟನೆ ನಡೆಯದೆಂದು ನಾವೂ ಬಹುಕಾಲ ನಂಬಿದ್ದೆವು. ಆ ನಂಬಿಕೆಯೇ ಒಂದು ಸಂಸಾರಕ್ಕೆ ಹೇಗೆ ಮುಳುವಾಯಿತೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

2022ನೆಯ ಇಸವಿಯ ಆಷಾಢಮಾಸ. ವ್ಯಾಸಪೂರ್ಣಿಮೆ ಕಳೆದ ಭಾನುವಾರ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮೊಳಕಾಲ್ಮೂರಿನಿಂದ ನಮ್ಮ ಮನೆಗೆ ಬಂದನು. ರೇಷ್ಮೆ ಸೀರೆಯ ಮಗ್ಗವನ್ನೇ ನಂಬಿದ ಮನೆತನ. ಜೊತೆಯಲ್ಲಿ ಕಾಲೇಜು ಓದುವ ಮಗ. ನಮಸ್ಕಾರಗಳಾದ ಮೇಲೆ ತಂದೆಯು ತಲೆ ತಗ್ಗಿಸಿ, “ಮೇಷ್ಟ್ರೇ, ಇವನಿಗೆ ನೀವೇ ಬುದ್ಧಿ ಹೇಳಬೇಕು. ಜರಿಗೂ ನೂಲಿಗೂ ಎಂದು ಇಟ್ಟಿದ್ದ 18,000 ರೂಪಾಯಿ ಎರಡು ರಾತ್ರಿಯಲ್ಲಿ ಹೋಯಿತು. ಹಾಸು ಹೂಡಿದ ಮಗ್ಗ ಹಾಗೆಯೇ ನಿಂತಿದೆ” ಎಂದನು.

ಕಳವೇನೋ ಎಂದು ನಾವು ಮೊದಲು ಶಂಕಿಸಿದೆವು. ಕಳವಲ್ಲ, ಪಣ. ಅದೂ ಇಸ್ಪೀಟಿನ ಎಲೆಯ ಮೇಲಲ್ಲ, ಕ್ರಿಕೆಟ್ಟಿನ ಮೇಲಲ್ಲ. ಫ್ರಾನ್ಸ್ ದೇಶದ ಪರ್ವತವೊಂದರ ತುದಿಯನ್ನು ಮೊದಲು ಮುಟ್ಟುವ ಬೈಸಿಕಲ್ ಸವಾರನ ಮೇಲೆ! ಹುಡುಗನಿಗೆ ಬೈಸಿಕಲ್ಲೆಂದರೆ ಪ್ರಾಣ. ಮೊಬೈಲಿನಲ್ಲಿ ಆ ಓಟವನ್ನು ನೋಡುತ್ತ ನೋಡುತ್ತ, ಪಣ ಕಟ್ಟಿಸಿಕೊಳ್ಳುವ ಆ್ಯಪೊಂದರ ಬಾಗಿಲನ್ನೂ ತಟ್ಟಿದ್ದನು. ನಾವು ಗದರಿಸದೆ ಕಾರಣವನ್ನು ಕೇಳಲು ಅವನು ಹೇಳಿದ ಮಾತು ಇದು: “ಸಾರ್, ಇಸ್ಪೀಟಿನಲ್ಲಿ ಅದೃಷ್ಟ, ಇದರಲ್ಲಿ ಲೆಕ್ಕ. ಬಯಲಿನ ಓಟವನ್ನು ಯಾರು ಬೇಕಾದರೂ ಗೆಲ್ಲಬಹುದು. ಬೆಟ್ಟದ ಮೇಲೆ ಶಕ್ತನೇ ಗೆಲ್ಲಬೇಕು. ಶಕ್ತನು ಯಾರೆಂದು ಲೋಕಕ್ಕೇ ಗೊತ್ತು.”

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅದನ್ನು ವಿಚಾರ ಮಾಡುವುದಕ್ಕೆ ಮೊದಲು ಓಟದ ಸ್ವರೂಪವನ್ನು ತಿಳಿಯತಕ್ಕದ್ದು.

ಯೂರೋಪು ಖಂಡದಲ್ಲಿ ಬೈಸಿಕಲ್ಲಿನ ಓಟವೆಂಬುದು ಒಂದು ವೃತ್ತಿ. ಅಂಥ ಓಟಗಳಲ್ಲಿ ಅಗ್ರಗಣ್ಯವಾದದ್ದು ‘ಟೂರ್ ಡಿ ಫ್ರಾನ್ಸ್’. 1903ರಲ್ಲಿ ಆರು ಮಜಲುಗಳಿಂದ ಆರಂಭವಾದ ಈ ಓಟವು ಈಗ ಮೂರು ವಾರಗಳಲ್ಲಿ 21 ಮಜಲುಗಳಾಗಿ, ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕಿ ನಡೆಯುತ್ತದೆ. ದಿನಕ್ಕೊಂದು ಮಜಲು, ಪ್ರತಿ ಮಜಲಿಗೂ ಒಬ್ಬ ವಿಜಯಿ. ಎಲ್ಲ ಮಜಲುಗಳ ಕಾಲವನ್ನು ಕೂಡಿದಾಗ ಯಾರದು ಅತ್ಯಲ್ಪವೋ ಅವನೇ ಇಡೀ ಓಟದ ವಿಜಯಿ. ನಡುವೆ ಆ ಲೆಕ್ಕದಲ್ಲಿ ಮುಂದಿರುವವನಿಗೆ ಹಳದಿ ಅಂಗಿಯ ಗೌರವ. ಕೆಲವು ಮಜಲುಗಳು ಪರ್ವತದ ನೆತ್ತಿಯಲ್ಲೇ ಮುಗಿಯುತ್ತವೆ. 1952ರಲ್ಲಿ ಮೊದಲ ಬಾರಿಗೆ ಆಲ್ಪ್ ದ್ಯುಯೇಜ್ ಎಂಬ ಗಿರಿಯ ಮೇಲೆ ಮಜಲು ಮುಗಿದಾಗ ಇಟಲಿಯ ಫೌಸ್ಟೊ ಕೊಪ್ಪಿ ಗೆದ್ದನು. ಆ ಗಿರಿಗೆ 21 ಹೇರ್‌ಪಿನ್ ತಿರುವುಗಳು. ಸುಮಾರು 14 ಕಿಲೋಮೀಟರಿನ ಏರು. ನೂರು ಮೀಟರು ಸಾಗಿದರೆ ಎಂಟು ಮೀಟರು ಎತ್ತರಕ್ಕೆ ಏರಿದಂತೆ.

ಬಯಲಿನಲ್ಲಿ ಗುಂಪಿನ ಮರೆಯಲ್ಲಿರುವವನಿಗೆ ಶ್ರಮದಲ್ಲಿ ಸುಮಾರು ಮೂರನೆಯ ಒಂದು ಭಾಗ ಉಳಿಯುತ್ತದೆ. ಕಡಿದಾದ ಏರಿನಲ್ಲಿ ವೇಗ ಕುಗ್ಗುವುದರಿಂದ ಗಾಳಿಯ ಅಡ್ಡಿ ಕಡಿಮೆ, ಮರೆಯ ಲಾಭವೂ ಕಡಿಮೆ. ಅಲ್ಲಿ ಎದುರಾಳಿಯು ಭೂಮಿಯ ಆಕರ್ಷಣೆಯೇ. ಶರೀರದ ತೂಕದ ಒಂದೊಂದು ಸೇರಿಗೂ ಎಷ್ಟು ಬಲವನ್ನು ಪೆಡಲಿಗೆ ಕೊಡಬಲ್ಲನೆಂಬುದರ ಮೇಲೆ ಸವಾರನ ಗತಿ ನಿಂತಿದೆ. ಹುಡುಗನ ಅರ್ಧ ಸತ್ಯ ಇದು.

ಇನ್ನುಳಿದ ಅರ್ಧವನ್ನು ಅವನಿಗೆ ಕಲಿಸಿದ್ದು ಆ ವರ್ಷದ ಓಟವೇ. 2022ರ ಜುಲೈ 8ರಂದು ಪ್ಲಾಂಶ್ ದೆ ಬೆಲ್ ಫೀಯ್ ಎಂಬ ಬೆಟ್ಟದ ತುದಿಯಲ್ಲಿ, ಹಿಂದಿನ ಎರಡು ವರ್ಷಗಳ ವಿಜಯಿಯಾದ ಸ್ಲೊವೇನಿಯಾದ ತದೇಯ್ ಪೊಗಾಚಾರ್ ಗೆದ್ದನು. ಹುಡುಗನು ಅವನ ಮೇಲೆ 500 ರೂಪಾಯಿ ಕಟ್ಟಿ ಲಾಭ ಪಡೆದನು. ಗೆಲವೇ ಜೂಜಿನ ಮೊದಲ ಕುಣಿಕೆ. ಜುಲೈ 13, ವ್ಯಾಸಪೂರ್ಣಿಮೆಯ ರಾತ್ರಿ, ಕೊಲ್ ದು ಗ್ರಾನೊನ್ ಎಂಬ ಇನ್ನೂ ಭೀಕರವಾದ ಗಿರಿ. ಹಳದಿ ಅಂಗಿ ತೊಟ್ಟ ಅದೇ ವೀರನ ಮೇಲೆ 8,000 ರೂಪಾಯಿ. ಆದರೆ ಅಂದು ಎದುರಾಳಿ ತಂಡದವರು ಸರದಿಯಂತೆ ಮೇಲೆ ಬಿದ್ದು ಅವನನ್ನು ದಣಿಸಿದ್ದರು. ಕೊನೆಯ ಏರಿನಲ್ಲಿ ಅವನ ಕಸುವು ಒಮ್ಮೆಗೇ ಬತ್ತಿತು. ಡೆನ್ಮಾರ್ಕಿನ ಯೋನಾಸ್ ವಿಂಗೆಗೋರ್ ಮುಂದೆ ಸಾಗಿ ಮೂರು ನಿಮಿಷಕ್ಕೆ ಸಮೀಪದಷ್ಟು ಅಂತರದಿಂದ ಅವನನ್ನು ಹಿಂದೆ ಹಾಕಿದನು.

ಮರುದಿನ ಆಲ್ಪ್ ದ್ಯುಯೇಜ್. ಹೋದದ್ದನ್ನು ಒಂದೇ ಏಟಿಗೆ ತರಬೇಕೆಂದು ಹುಡುಗನು ಉಳಿದ 10,000 ರೂಪಾಯಿಗಳನ್ನೂ ಒಡ್ಡಿದನು. ಅಂದು ಗೆದ್ದವನು ಪೊಗಾಚಾರನೂ ಅಲ್ಲ, ವಿಂಗೆಗೋರನೂ ಅಲ್ಲ. ಮುಂಚೆಯೇ ಗುಂಪನ್ನು ಬಿಟ್ಟು ಹೊರಟಿದ್ದ ಇಂಗ್ಲೆಂಡಿನ ಟಾಮ್ ಪಿಡ್‌ಕಾಕ್. ಬಲಿಷ್ಠರಿಬ್ಬರೂ ಪರಸ್ಪರ ಕಾವಲು ಕಾಯುತ್ತ ಹಿಂದೆಯೇ ಉಳಿದರು. ಅವರಿಗೆ ಬೇಕಾದದ್ದು ಪ್ಯಾರಿಸಿನ ಪಟ್ಟ. ಅಂದಿನ ಮಜಲನ್ನು ಬೇರೊಬ್ಬನು ಒಯ್ದರೆ ಅವರಿಗೆ ನಷ್ಟವಿಲ್ಲ. ಮಜಲುಗಳ ಓಟದಲ್ಲಿ ಶಕ್ತನಿಗೆ ಪ್ರತಿದಿನವೂ ಗೆಲ್ಲುವ ಹಂಬಲವಿರುವುದಿಲ್ಲ. ಪಣ ಕಟ್ಟುವವನಿಗಾದರೋ ಪ್ರತಿದಿನವೂ ಗೆಲ್ಲಬೇಕು.

ಏರಿನಲ್ಲಿ ನಟನೆಯಿಲ್ಲವೆಂಬ ನಮ್ಮ ನಂಬಿಕೆಯೂ ಹುಸಿಯೇ. 2001ರಲ್ಲಿ ಅಮೆರಿಕದ ಲಾನ್ಸ್ ಆರ್ಮ್‌ಸ್ಟ್ರಾಂಗ್ ಮೊದಲ ಬೆಟ್ಟಗಳಲ್ಲಿ ಬಳಲಿದವನಂತೆ ನಟಿಸಿ, ಎದುರಾಳಿಗಳನ್ನು ಮೋಸಗೊಳಿಸಿ, ಆಲ್ಪ್ ದ್ಯುಯೇಜಿನ ಬುಡದಲ್ಲಿ ಹಿಂತಿರುಗಿ ಒಮ್ಮೆ ನೋಡಿ ಬಾಣದಂತೆ ಹೊರಟು ಗೆದ್ದನು. ಆ ನಟನೆಯ ಹಿಂದೆ ಇನ್ನೊಂದು ವಂಚನೆಯಿತ್ತು: ನಿಷಿದ್ಧ ಔಷಧಗಳ ಸೇವನೆ ಸಾಬೀತಾಗಿ 2012ರಲ್ಲಿ ಅವನ ಏಳು ವಿಜಯಗಳೂ ರದ್ದಾದವು. ಹನ್ನೊಂದು ವರ್ಷಗಳ ಮೇಲೆ ಸುಳ್ಳೆಂದು ತೀರ್ಮಾನವಾದ ಗೆಲವಿಗೆ ಅಂದೇ ಹಣ ಸೋತವರು ಯಾರನ್ನು ಕೇಳಬೇಕು?

ಹುಡುಗನು ಸುಮ್ಮನಾಗಲಿಲ್ಲ. “ಇನ್ನೂ ಚೆನ್ನಾಗಿ ಅಭ್ಯಾಸ ಮಾಡಿದರೆ?” ಎಂದನು. ಆಗ ನಾವು ಹಲಗೆಯನ್ನು ತರಿಸಿ ಲೆಕ್ಕ ಬರೆದೆವು. ಮೂವರು ಸವಾರರಿದ್ದಾರೆಂದಿಟ್ಟುಕೊಳ್ಳೋಣ. ಮೊದಲನೆಯವನು ಎರಡು ಓಟಗಳಲ್ಲಿ ಒಂದನ್ನೂ, ಉಳಿದಿಬ್ಬರು ನಾಲ್ಕರಲ್ಲಿ ಒಂದೊಂದನ್ನೂ ಗೆಲ್ಲತಕ್ಕವರು. ನ್ಯಾಯವಾಗಿ ಮೊದಲನೆಯವನ ಮೇಲೆ ಕಟ್ಟಿದ ರೂಪಾಯಿಗೆ ಎರಡು, ಉಳಿದವರ ಮೇಲಿನ ರೂಪಾಯಿಗೆ ನಾಲ್ಕು ಬರಬೇಕು. ಆದರೆ ಬುಕ್ಕಿಯು ಕೊಡುವುದು 1.80 ಮತ್ತು 3.60. ಜನರು ಮೊದಲನೆಯವನ ಮೇಲೆ 500, ಉಳಿದಿಬ್ಬರ ಮೇಲೆ 250ರಂತೆ, ಒಟ್ಟು 1,000 ರೂಪಾಯಿ ಕಟ್ಟಿದರು. ಮೊದಲನೆಯವನು ಗೆದ್ದರೆ ಬುಕ್ಕಿ ಹಿಂದಿರುಗಿಸುವುದು 900. ಬೇರೆ ಯಾರು ಗೆದ್ದರೂ ಅದೇ 900. ಶಿಖರವನ್ನು ಯಾರೇ ಮುಟ್ಟಲಿ, ನೂರು ರೂಪಾಯಿ ಅವನ ಪೆಟ್ಟಿಗೆಯಲ್ಲೇ. ಹೀಗೆ 1,000 ರೂಪಾಯಿಯನ್ನೂ ಅದರಲ್ಲಿ ಉಳಿದದ್ದನ್ನೂ 21 ಮಜಲುಗಳಲ್ಲಿ ತಿರುಗಿಸಿ ತಿರುಗಿಸಿ ಒಡ್ಡಿದರೆ, ಸರಾಸರಿಯಲ್ಲಿ ಕೊನೆಗೆ ಉಳಿಯುವುದು ಸುಮಾರು 109 ರೂಪಾಯಿ. ಸವಾರರ ವಿಷಯದಲ್ಲಿ ಹುಡುಗನಿಗೆ ತಿಳಿದದ್ದೆಲ್ಲವೂ ಬುಕ್ಕಿಗೂ ತಿಳಿದಿದೆ. ಆ ತಿಳಿವಳಿಕೆಯನ್ನು ಸೇರಿಸಿಯೇ ಅವನು ದರ ಕಟ್ಟಿರುತ್ತಾನೆ. ಲೆಕ್ಕವನ್ನು ನೋಡಿ ತಂದೆಯು, “ಹಾಗಾದರೆ ಓಟವೇ ಬೇರೆ, ಜೂಜೇ ಬೇರೆ” ಎಂದನು. ಇದಕ್ಕಿಂತ ಚೆನ್ನಾಗಿ ನಾವು ಹೇಳಲಾರೆವು.

ಮಹಾಭಾರತದ ವನಪರ್ವದಲ್ಲಿ ನಳನ ಕಥೆ ಬರುವುದಷ್ಟೆ. ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡು ಬಾಹುಕನೆಂಬ ಹೆಸರಿನಿಂದ ಋತುಪರ್ಣ ರಾಜನ ಸಾರಥಿಯಾಗಿದ್ದ ನಳನು, ವಿದರ್ಭಕ್ಕೆ ವೇಗವಾಗಿ ರಥ ಓಡಿಸುವಾಗ, ರಾಜನು ದಾರಿಯ ತಾರೆಮರವೊಂದರ ಎಲೆ ಕಾಯಿಗಳ ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ಹೇಳಿದನು. ನಳನು ರಥ ನಿಲ್ಲಿಸಿ ಎಣಿಸಿ ನೋಡಲು ಲೆಕ್ಕ ಸರಿಯಾಗಿತ್ತು. ಪೂರ್ವಕಾಲದಲ್ಲಿ ಪಗಡೆಯ ದಾಳಗಳಾಗಿ ಬಳಕೆಯಲ್ಲಿದ್ದದ್ದು ಆ ಮರದ ಕಾಯಿಗಳೇ. ಅಶ್ವವಿದ್ಯೆಯನ್ನು ಕೊಡುವ ಮಾತಿನ ಮೇಲೆ ನಳನು ಆ ಅಕ್ಷಹೃದಯವನ್ನು ಪಡೆಯಲು, ಅವನ ಮೈಯಿಂದ ಕಲಿಯು ಹೊರಬಿದ್ದನು. ಕಥೆಯ ಮರ್ಮ ಸ್ಪಷ್ಟವಾಗಿದೆ: ಓಡಿಸುವ ವಿದ್ಯೆ ಒಂದು, ಎಣಿಸುವ ವಿದ್ಯೆ ಇನ್ನೊಂದು. ನಮ್ಮ ಹುಡುಗನು ಬೈಸಿಕಲ್ಲನ್ನು ಬಲ್ಲವನು. ಋತುಪರ್ಣನ ಲೆಕ್ಕ ಇರುವುದು ಬುಕ್ಕಿಯ ಬಳಿ. ಅವನು ಅದನ್ನು ಯಾವ ವಿದ್ಯೆಗೂ ಬದಲಾಗಿ ಕೊಡುವುದಿಲ್ಲ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಮುಗ್ಧರಾಗಿರಲಿಲ್ಲ. ನಿರ್ಜೀವ ವಸ್ತುಗಳಿಂದ ಆಡುವುದು ದ್ಯೂತ, ಪ್ರಾಣಿಗಳ ಮೇಲೆ ಪಣ ಕಟ್ಟುವುದು ಸಮಾಹ್ವಯ ಎಂದು ಮನುವು ವಿಭಾಗಿಸಿ, ಅರಸನು ಎರಡನ್ನೂ ತಡೆಯಬೇಕೆಂದನು. ಕೌಟಿಲ್ಯನು ಜೂಜನ್ನು ಅಧ್ಯಕ್ಷನೊಬ್ಬನ ಕಣ್ಗಾವಲಿನಲ್ಲಿ ಒಂದೇ ಸ್ಥಳಕ್ಕೆ ಸೇರಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ರಾಜ್ಯಕ್ಕೆ ವಿಧಿಸಿದನು. ಇವರಿಗಿಂತ ಹಿಂದೆಯೇ ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತದಲ್ಲಿ ಜೂಜುಗಾರನೊಬ್ಬನು ತನ್ನ ಮನೆ ಹಾಳಾದುದಕ್ಕಾಗಿ ಗೋಳಿಡುತ್ತಾನೆ. ಪಗಡೆಯನ್ನು ಬಿಟ್ಟು ಹೊಲ ಉಳುವಂತೆ ಅಲ್ಲಿ ಬುದ್ಧಿವಾದ ಬರುತ್ತದೆ.

ಈ ಕಾಲದ ಶಾಸನವೂ ಅತ್ತಲೇ ಸಾಗಿದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕವು 2021ರಲ್ಲಿ ಮಾಡಿದ ತಿದ್ದುಪಡಿಯನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ಅಸಿಂಧುಗೊಳಿಸಿತು. ಅನಂತರ 2025ರ ಆಗಸ್ಟಿನಲ್ಲಿ ಸಂಸತ್ತೇ ದೇಶಕ್ಕೆಲ್ಲ ಅನ್ವಯಿಸುವ ಶಾಸನವನ್ನು ಅಂಗೀಕರಿಸಿತು; ಅದರ ದಂಡನೆಯು ಆಡಿಸುವವರಿಗೂ ಜಾಹೀರು ಮಾಡುವವರಿಗೂ ಹೊರತು ಆಡಿದವರಿಗಲ್ಲ. ಅದೇ ತಿಂಗಳು ಜೂಜಿನ ತನಿಖೆಯೊಂದರ ಸಂಬಂಧದಲ್ಲಿ ನಮ್ಮ ಚಳ್ಳಕೆರೆಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿತು. ಅದು ನ್ಯಾಯಸ್ಥಾನದ ವಿಚಾರ. ಅದರ ಗುಣದೋಷಗಳನ್ನು ನಾವು ಎತ್ತುವುದಿಲ್ಲ. ಎಣ್ಣೆಯ ಗಿರಣಿಗಳಿಗೂ ಕಂಬಳಿಗೂ ಹೆಸರಾದ ಊರು ಇಂಥ ವಾರ್ತೆಯಿಂದ ಪ್ರಸಿದ್ಧವಾಯಿತಲ್ಲಾ ಎಂಬ ವ್ಯಥೆಯನ್ನು ಮಾತ್ರ ಮುಚ್ಚಿಡಲಾರೆವು.

ಶಾಸನವು ಅಂಗಡಿಯನ್ನು ಮುಚ್ಚಬಲ್ಲದು. ಮನೆಯ ಮಗುವನ್ನು ಕಾಯತಕ್ಕವರು ಗೃಹಸ್ಥರೇ. ಆ ದಿನ ತಂದೆಗೆ ನಾವು ಹೇಳಿದ್ದು ಮೂರು ಮಾತು. ಹುಡುಗನನ್ನು ನಾಲ್ಕು ಜನರ ಮುಂದೆ ಹಳಿಯಬೇಡ. ನಾಚಿಕೆಗೊಂಡವನು ಗುಟ್ಟಾಗಿ ಆಡುತ್ತಾನೆ. ಮಗ್ಗದ ಜಮಾಖರ್ಚನ್ನು ಅವನ ಕೈಯಲ್ಲೇ ಬರೆಸು. ಒಂದು ಸೀರೆಗೆ ಎಷ್ಟು ದಿನ, ಎಷ್ಟು ನೂಲು, ಎಷ್ಟು ಕಣ್ಣು ಎಂಬುದು ತಿಳಿಯಲಿ. ಕಳೆದದ್ದನ್ನು ಮರಳಿ ಗೆಲ್ಲುತ್ತೇನೆಂದು ಕೇಳಿದರೆ ಒಂದು ಕಾಸನ್ನೂ ಕೊಡಬೇಡ. ಜುಲೈ 13ರ ಎಂಟು ಸಾವಿರಕ್ಕಿಂತ 14ರ ಹತ್ತು ಸಾವಿರವೇ ದೊಡ್ಡ ತಪ್ಪು.

ಮುಂದಿನ ತಿಂಗಳು ಅವರಿಬ್ಬರೊಡನೆ ನಾವು ಬ್ರಹ್ಮಗಿರಿಗೆ ಹೋದೆವು. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿವೆಯಷ್ಟೆ. ಆ ಬಂಡೆಯ ಮೇಲಿನ ಬೋಧೆಯ ತಾತ್ಪರ್ಯವನ್ನು ಹುಡುಗನಿಗೆ ಹೇಳಿದೆವು: ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲಲ್ಲ; ಸಣ್ಣವನೂ ಉದ್ಯಮಶೀಲನಾದರೆ ಅದನ್ನು ಪಡೆಯಬಲ್ಲನು. ಆ ಪ್ರಯತ್ನವು ಅವನದೇ ಆಗಿರಬೇಕು. ಅನ್ಯರ ಎದೆಯುಸಿರಿನ ಮೇಲೆ ನಮ್ಮ ಮನೆಯ ನೂಲನ್ನು ಒಡ್ಡುವುದು ಪ್ರಯತ್ನವಲ್ಲ. ಅಲ್ಲಿಂದ ಜಟಿಂಗ ರಾಮೇಶ್ವರನ ಬೆಟ್ಟವನ್ನು ಹತ್ತಿದೆವು. ಹುಡುಗನು ಎಲ್ಲರಿಗಿಂತ ಮೊದಲು ನೆತ್ತಿಯನ್ನು ಮುಟ್ಟಿ, ಮರಳಿ ಅರ್ಧದಾರಿಗೆ ಇಳಿದು ಬಂದು ನಮ್ಮ ಕೈ ಹಿಡಿದನು.

ಆ 18,000 ರೂಪಾಯಿ ತೀರಲು ಎರಡು ವರ್ಷ ಹಿಡಿಯಿತು. ಅವನ ಅಕ್ಕನ ಮದುವೆಗೆಂದು ನೇಯ್ದಿಟ್ಟ ಸೀರೆಯೊಂದು ಅಷ್ಟರಲ್ಲಿ ಮಾರಾಟವಾಗಿತ್ತು. ಅದಕ್ಕೆ ಬದಲಾಗಿ ಇನ್ನೊಂದನ್ನು ಅವನೇ ಮಗ್ಗದಲ್ಲಿ ಕುಳಿತು ನೇಯ್ದುಕೊಟ್ಟನು. ಈಗಲೂ ಆಷಾಢ ಬಂತೆಂದರೆ ಆ ಪರ್ವತದ ಓಟವನ್ನು ಅವನು ತಪ್ಪದೆ ನೋಡುತ್ತಾನೆ. “ಹಣವಿಲ್ಲದೆ ನೋಡಿದರೆ ಸೋತವನ ಓಟವೂ ಚೆನ್ನಾಗಿ ಕಾಣುತ್ತದೆ ಸಾರ್” ಎಂದು ಮೊನ್ನೆ ಹೇಳಿದನು. ಅವನ ತಂದೆಯು ಪಕ್ಕದಲ್ಲೇ ಕುಳಿತು ಲಡಿ ಬಿಡಿಸುತ್ತಿದ್ದನು; ಏನೂ ಹೇಳಲಿಲ್ಲ, ನಕ್ಕನು.