ಯಾವ ಕ್ಲಾಸ್ ತಗೊಳ್ಳಲಿ?



ಫೋನ್-ಇನ್ ಮುಗಿದು ಮೈಕ್ ಆಫ್ ಮಾಡಿದ ಮೇಲೂ ಒಂದೆರಡು ಕರೆಗಳು ಬರುತ್ತಲೇ ಇರುತ್ತವೆ. ಈಚೆಗೆ ಡೊಂಬಿವಲಿಯಿಂದ ಒಬ್ಬ ತಾಯಿ ಮಾತಾಡಿದರು. “ಸಾರ್, ರಜೆ ಶುರುವಾದಾಗಿಂದ ನನ್ನ ಮಗ ಯಾವ ಕ್ಲಾಸ್ ತಗೊಳ್ಳಲಿ, ಯಾವ ಕ್ಲಾಸ್ ತಗೊಳ್ಳಲಿ ಅಂತ ಒಂದೇ ಸಮನೆ ಯೋಚಿಸ್ತಾ ಇದ್ದ. ಟೆಂತ್ ಕೋಚಿಂಗ್ ಇರಬೇಕು ಅಂತ ನಾನೂ ಖುಷಿಪಟ್ಟೆ. ಕೇಳಿದರೆ ಕಂಪ್ಯೂಟರ್ ಗೇಮಂತೆ! ಅದರಲ್ಲಿ ಎರಡು ದಿನ ತಲೆ ಕೆಡಿಸಿಕೊಳ್ಳೋ ಅಂಥದ್ದು ಏನಿದೆ?”

ಇದೆ ಅಮ್ಮಾ, ಎಂದೆ. ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ನಿಮ್ಮಲ್ಲೂ ಕೆಲವರ ಮನೆಯಲ್ಲಿ ಇದೇ ಚರ್ಚೆ ನಡೆಯುತ್ತಿರಬಹುದು. ಇನ್ನು ಕೆಲವರು ನೀವೇ ಆಡುವವರು, ಗೊತ್ತು ನನಗೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆ ಹುಡುಗ ಶುರು ಮಾಡಲು ಹೊರಟಿದ್ದು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’. 2004ರ ನವೆಂಬರ್‌ನಲ್ಲಿ ಬಂದ ಆಟ, ಇಂದಿಗೂ ನಡೆಯುತ್ತಿದೆ. ಒಳಗೆ ಹೋಗುವ ಮೊದಲು ನೀವು ಯಾರು ಎಂದು ಹೇಳಬೇಕು. ಕತ್ತಿ ಗುರಾಣಿ ಹಿಡಿದ ವಾರಿಯರೋ, ಮಂತ್ರ ಹಾಕುವ ಮೇಜೋ, ಗಾಯ ಮಾಯಿಸುವ ಪ್ರೀಸ್ಟೋ, ಬಿಲ್ಲು ಹಿಡಿದು ಸಾಕುಪ್ರಾಣಿಯ ಜೊತೆ ತಿರುಗುವ ಹಂಟರೋ? ಇದನ್ನೇ ಕ್ಲಾಸ್ ಎನ್ನುವುದು. ಶುರುವಿನಲ್ಲಿ ಒಂಬತ್ತು ಇದ್ದವು, 2022ರಲ್ಲಿ ಇವೋಕರ್ ಸೇರಿದಾಗ ಹದಿಮೂರಾದವು. ದುಡ್ಡು ಕೊಟ್ಟರೆ ಪಾತ್ರದ ಹೆಸರು, ಕುಲ, ಪಕ್ಷ ಎಲ್ಲ ಬದಲಾಯಿಸಿಕೊಳ್ಳಬಹುದು. ಕ್ಲಾಸ್ ಮಾತ್ರ ಬದಲಾಗುವುದಿಲ್ಲ. ಬೇಡವೆನಿಸಿದರೆ ಹೊಸ ಪಾತ್ರ ಮಾಡಿ ಮೊದಲಿನಿಂದ ಬರಬೇಕು. ಹುಡುಗ ಎರಡು ದಿನ ಯೋಚಿಸಿದ್ದರಲ್ಲಿ ತಪ್ಪೇನಿಲ್ಲ.

ಈ ಪದ್ಧತಿ ಶುರುವಾದದ್ದು ಕಂಪ್ಯೂಟರಿನಲ್ಲಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಮೇಜಿನ ಸುತ್ತ ಕುಳಿತು, ಕಾಗದ ಪೆನ್ಸಿಲು ದಾಳ ಹಿಡಿದು ಆಡುವಂಥದ್ದು. ಅದರಲ್ಲಿ ಮೂರೇ ಬಗೆ: ಕಾದಾಡುವವನು, ಮಂತ್ರವಾದಿ, ಪುರೋಹಿತ. ಕಳ್ಳ ಮರುವರ್ಷ ಸೇರಿಕೊಂಡ. ಒಬ್ಬನಿಗೇ ಎಲ್ಲ ವಿದ್ಯೆ ಕೊಟ್ಟರೆ ಮಿಕ್ಕವರಿಗೆ ಕೆಲಸವೇನು? ಪ್ರತಿಯೊಬ್ಬನಲ್ಲೂ ಒಂದು ಕೊರತೆ ಇಟ್ಟರು. ಅದನ್ನು ತುಂಬಲು ಪಕ್ಕದವನು ಬೇಕೇ ಬೇಕು. ನಮ್ಮ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯ ಎಂದು ಕಲಾವಿದರು ಹಂಚಿಕೊಂಡಿರುತ್ತಾರಲ್ಲ, ಹೆಚ್ಚು ಕಡಿಮೆ ಹಾಗೆ.

ಈಗ ಮುಖ್ಯ ವಿಷಯ. ಹದಿಮೂರು ಕ್ಲಾಸ್ ಇದ್ದರೂ ಗುಂಪಿನಲ್ಲಿ ಕೆಲಸ ಮೂರೇ. ಐವರು ಕೂಡಿ ಒಂದು ಗುಹೆಯನ್ನೋ ಕೋಟೆಯನ್ನೋ ಹೊಗುತ್ತಾರೆ. ಒಬ್ಬ ಎದುರು ನಿಂತು ಏಟು ತಿನ್ನಬೇಕು, ಅವನು ಟ್ಯಾಂಕ್. ಒಬ್ಬ ಅವನ ಜೀವ ಉಳಿಸುತ್ತಿರಬೇಕು, ಹೀಲರ್. ಉಳಿದ ಮೂವರು ಶತ್ರುವನ್ನು ಹೊಡೆದು ಕೆಡವಬೇಕು.

ಶತ್ರು ಟ್ಯಾಂಕನ್ನೇ ಯಾಕೆ ಹೊಡೆಯುತ್ತಾನೆ, ಹಿಂದೆ ನಿಂತ ಬಡಪಾಯಿ ಪ್ರೀಸ್ಟನ್ನು ಮೊದಲು ಮುಗಿಸಬಾರದೇ ಎಂದು ಕೇಳುವವರುಂಟು. ಒಳ್ಳೆಯ ಪ್ರಶ್ನೆ. ಪ್ರತಿ ಶತ್ರುವಿನ ಹತ್ತಿರ ಒಂದು ಲೆಕ್ಕದ ಪುಸ್ತಕ ಇದೆ ಎಂದುಕೊಳ್ಳಿ. ಯಾರು ಎಷ್ಟು ಹೊಡೆದರು ಎಂಬುದು ಅದರಲ್ಲಿ ಜಮೆಯಾಗುತ್ತಾ ಹೋಗುತ್ತದೆ. ಯಾರ ಬಾಕಿ ಹೆಚ್ಚೋ ಅವರ ಮೇಲೆ ಕೋಪ. ಟ್ಯಾಂಕ್ ಆದವನಿಗೆ ಈ ಕೋಪವನ್ನು ತನ್ನ ಖಾತೆಗೆ ಎಳೆದುಕೊಳ್ಳುವ ವಿಶೇಷ ಏಟುಗಳಿರುತ್ತವೆ. ಹತ್ತಿರ ನಿಂತು ಹೊಡೆಯುವವನ ಲೆಕ್ಕ ಟ್ಯಾಂಕಿನದಕ್ಕಿಂತ ಶೇಕಡಾ 10ರಷ್ಟು ಮೀರಿದರೆ, ದೂರದಿಂದ ಹೊಡೆಯುವವನದು 30ರಷ್ಟು ಮೀರಿದರೆ, ಶತ್ರು ಆ ಕಡೆ ತಿರುಗುತ್ತಾನೆ. ಗಾಯ ಮಾಯಿಸಿದ್ದೂ ಲೆಕ್ಕಕ್ಕೆ ಬರುತ್ತದೆ! ಅಂದರೆ ಹೀಲರ್ ಅವಸರಪಟ್ಟರೂ ಕಷ್ಟ, ತಡ ಮಾಡಿದರೂ ಕಷ್ಟ. ಜೋರಾಗಿ ಹೊಡೆಯುವುದೊಂದೇ ಶೌರ್ಯ ಎಂದುಕೊಂಡು ಬಂದವನು ಮೊದಲ ವಾರವೇ ಗುಂಪಿನವರಿಂದ ಬೈಸಿಕೊಳ್ಳುತ್ತಾನೆ.

ಹೊಡೆಯುವ ಕೆಲಸಕ್ಕೆ ಜನ ಬೇಕಾದಷ್ಟು. ಟ್ಯಾಂಕ್, ಹೀಲರ್‌ಗೆ ಬರ. 2009ರ ಡಿಸೆಂಬರ್‌ನಲ್ಲಿ ಆಟವೇ ಅಪರಿಚಿತರನ್ನು ಸೇರಿಸಿ ಐವರ ಗುಂಪು ಮಾಡಿಕೊಡುವ ವ್ಯವಸ್ಥೆ ಬಂತು. ಆಗ ಈ ಬರ ಎಲ್ಲರ ಕಣ್ಣಿಗೂ ಬಿತ್ತು. ಟ್ಯಾಂಕಿಗೆ ಕೂಡಲೇ ಜಾಗ, ಹೊಡೆಯುವವರಿಗೆ ಕ್ಯೂ. 2011ರಲ್ಲಿ ಕಂಪನಿಯವರು ಕೊರತೆಯಿರುವ ಕೆಲಸಕ್ಕೆ ಬಂದವರಿಗೆ ಹೆಚ್ಚಿನ ಬಹುಮಾನವನ್ನೇ ಇಟ್ಟರು. ಕ್ಯೂ ಹೋಗಲಿಲ್ಲ. ಜವಾಬ್ದಾರಿಗೆ ಭಕ್ಷೀಸು ಕೊಟ್ಟರೂ ಮುಂದೆ ಬರುವವರು ಕಡಿಮೆ, ಇದು ಸೊಸೈಟಿಯ ಕಮಿಟಿಯಲ್ಲಿ ಕೂತವರಿಗೆಲ್ಲ ಗೊತ್ತು.

ಹಾಗಾದರೆ ಆರಿಸುವುದು ಹೇಗೆ? ‘ಈಗ ಯಾವುದು ಅತಿ ಬಲಶಾಲಿ’ ಎಂಬ ಪಟ್ಟಿಗಳು ಸಿಗುತ್ತವೆ. ಅವನ್ನು ನಂಬಿ ಕ್ಲಾಸ್ ಆರಿಸಬೇಡಿ. ಕಂಪನಿ ಆಗಾಗ ಒಂದರ ಬಲ ತಗ್ಗಿಸಿ ಇನ್ನೊಂದರದು ಏರಿಸುತ್ತಲೇ ಇರುತ್ತದೆ. ಇಂದಿನ ರಾಜ ನಾಳೆಯ ಬಂಟ. ಅದರ ಬದಲು ನಿಮ್ಮ ಕೈ ದಿನವೂ ಏನು ಮಾಡುತ್ತಿರುತ್ತದೆ ಎಂದು ನೋಡಿ. ವಾರಿಯರ್ ಕಾಳಗ ಶುರುವಾಗುವಾಗ ಬರಿಗೈ. ಹೊಡೆದಂತೆ, ಹೊಡೆಸಿಕೊಂಡಂತೆ ಅವನಿಗೆ ರೋಷ ತುಂಬುತ್ತದೆ, ಆ ರೋಷವೇ ಬಂಡವಾಳ. ಮೇಜ್ ತದ್ವಿರುದ್ಧ. ಮನಾ ಎಂಬ ಶಕ್ತಿಯನ್ನು ತುಂಬಿಕೊಂಡು ಬರುತ್ತಾನೆ, ಖರ್ಚಾದ ಮೇಲೆ ಕೂತು ನೀರು ಕುಡಿಯಬೇಕು. ಆ ನೀರನ್ನು ಮಂತ್ರದಿಂದ ತಾನೇ ಸೃಷ್ಟಿಸಿಕೊಳ್ಳುತ್ತಾನೆ ಎನ್ನಿ, ಹಾಗಾಗಿ ಗುಂಪಿನವರೆಲ್ಲ ಅವನ ಮುಂದೆ ಲೋಟ ಹಿಡಿದು ನಿಂತಿರುತ್ತಾರೆ. ರೋಗ್ ಮರೆಯಲ್ಲಿ ನುಸುಳಿ ಬಂದು ಏಟಿನ ಮೇಲೆ ಏಟು ಕೂಡಿಹಾಕಿ ಕೊನೆಗೊಂದು ದೊಡ್ಡ ಏಟು ಕೊಡುತ್ತಾನೆ. ಅವಸರದ ಬೆರಳಿನವರಿಗೆ ಅದು ಒಗ್ಗುತ್ತದೆ, ನನಗೆ ಒಗ್ಗಲಿಲ್ಲ.

ಡ್ರೂಯಿಡ್ ಕರಡಿಯಾಗಿ ಏಟು ತಿನ್ನಬಲ್ಲ, ಬೆಕ್ಕಾಗಿ ಪರಚಬಲ್ಲ, ಮನುಷ್ಯನಾಗಿ ಗಾಯ ಮಾಯಿಸಬಲ್ಲ. ನಿರ್ಧಾರ ಮಾಡಲಾಗದವರಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ. ಇಷ್ಟೂ ಕಲಿಯುವ ತಾಳ್ಮೆ ಬೇಕು, ಅಷ್ಟೇ.

ಇನ್ನು ಮನೆ ಪರಿಸ್ಥಿತಿ. ಇದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಮಳೆ ಬಂದರೆ ನೆಟ್ ಹೋಗುವ ಮನೆ, ಬಾಗಿಲು ತೆಗೆಯಲು, ಅಜ್ಜನಿಗೆ ಮಾತ್ರೆ ಕೊಡಲು ನಡುವೆ ಏಳಬೇಕಾದ ಮನೆ, ಇಲ್ಲಿ ಟ್ಯಾಂಕ್ ಹೀಲರ್ ಆಗುವುದು ಬೇಡ. ಹೊಡೆಯುವ ಮೂವರಲ್ಲಿ ಒಬ್ಬ ಎರಡು ನಿಮಿಷ ಮಾಯವಾದರೆ ಕೆಲಸ ನಿಧಾನವಾಗುತ್ತದೆ. ಹೀಲರ್ ಮಾಯವಾದರೆ ಐವರೂ ಸಾಯುತ್ತಾರೆ. ಸರ್ವರ್ ದೂರದೇಶದಲ್ಲಿದ್ದು ಒತ್ತಿದ್ದು ಅರೆಗಳಿಗೆ ತಡವಾಗಿ ತಲುಪುತ್ತಿದ್ದರೂ ಇದೇ ಮಾತು. ಒಬ್ಬರೇ ಆಡುವವರಿಗೆ ಹಂಟರ್ ವಾಸಿ. ಸಾಕಿದ ಕರಡಿಯೋ ತೋಳವೋ ಮುಂದೆ ನಿಂತು ಏಟು ತಿನ್ನುತ್ತದೆ, ನೀವು ದೂರದಿಂದ ಬಾಣ ಬಿಡಬಹುದು. ತೀರಾ ಇಕ್ಕಟ್ಟಾದರೆ ಸತ್ತಂತೆ ಮಲಗುವ ವಿದ್ಯೆಯೂ ಹಂಟರಿಗಿದೆ. ಮಲಗಿದೊಡನೆ ಶತ್ರುವಿನ ಪುಸ್ತಕದಲ್ಲಿ ಅವನ ಲೆಕ್ಕ ಚುಕ್ತಾ.

ಇನ್ನೊಂದು ಮಾತು. ಇಪ್ಪತ್ತನೇ ಲೆವೆಲ್ ತನಕ ದುಡ್ಡಿಲ್ಲದೆ ಆಡಬಹುದು. ನಾಲ್ಕು ಪಾತ್ರ ಮಾಡಿ, ನಾಲ್ಕನ್ನೂ ಹತ್ತು ಹತ್ತು ಲೆವೆಲ್ ಆಡಿ ನೋಡಿ. ಸೀರೆ ಅಂಗಡಿಯಲ್ಲಿ ಅಷ್ಟು ಬಿಚ್ಚಿಸಿ ನೋಡುವವರು ನಾವು, ಇಲ್ಲಿ ಯಾಕೆ ಸಂಕೋಚ?

ನಾನು ಹಾಗೆ ಮಾಡಲಿಲ್ಲ. 2019ರ ಆಗಸ್ಟ್‌ನಲ್ಲಿ ಈ ಆಟದ ಹಳೆಯ ರೂಪ ‘ಕ್ಲಾಸಿಕ್’ ಎಂಬ ಹೆಸರಿನಲ್ಲಿ ಮತ್ತೆ ಬಂತು. ಬಿ.ಎ. ಓದುವಾಗಿನ ಗೆಳೆಯರು ಐವರು, ಈಗ ಒಬ್ಬೊಬ್ಬರು ಒಂದೊಂದು ಊರು, ಸೇರಿ ಆಡೋಣ ಎಂದುಕೊಂಡೆವು. ಒಬ್ಬ ಮೇಜ್ ಎಂದ, ಒಬ್ಬ ರೋಗ್, ಒಬ್ಬ ಹಂಟರ್, ಹೈದರಾಬಾದಿನವನು ವಾರಿಯರ್ ಆಗಿ ಎದುರು ನಿಲ್ಲುತ್ತೇನೆಂದ. ಉಳಿದದ್ದು ಹೀಲರ್. “ರೇಡಿಯೋದಲ್ಲಿ ಇರೋನು, ನಿನಗೆ ತಾಳ್ಮೆ ಜಾಸ್ತಿ ಮಾರಾಯ” ಎಂದರು. ನನಗೆ ಬೇಕಿದ್ದದ್ದು ಮೇಜ್. ಹೇಳಲಿಲ್ಲ. ಪ್ರೀಸ್ಟ್ ಆದೆ.

ಎರಡು ತಿಂಗಳು ರಾತ್ರಿ ಪಾಳಿ ಮುಗಿಸಿ ಬಂದು ಕೂರುತ್ತಿದ್ದೆ. ನಾಲ್ವರೂ ಕಾಯುತ್ತಿದ್ದರು. ಆಟದಲ್ಲಿ ಬೆಟ್ಟ, ಕಾಡು, ಅರಮನೆ ಏನೇನೋ ಇದ್ದವಂತೆ. ನಾನು ನೋಡಿದ್ದು ಪರದೆಯ ಮೂಲೆಯಲ್ಲಿ ಏರಿಳಿಯುವ ಐದು ಹಸಿರು ಪಟ್ಟಿಗಳನ್ನು. ಕೆಲವರಿಗೆ ಅದೇ ಸೊಗಸು, ಅಂಥವರನ್ನು ಕಂಡಿದ್ದೇನೆ. ನನಗೆ ಅದು ಎರಡನೇ ಪಾಳಿಯಾಯಿತು. ಆಮೇಲೆ ಒಂದು ರಾತ್ರಿ ಹೋಗಲಿಲ್ಲ. ಮರುರಾತ್ರಿಯೂ ಇಲ್ಲ. ತಲೆನೋವು, ಕೆಲಸ, ನೆಟ್ ಇಲ್ಲ, ಹೀಗೆ ಸುಳ್ಳು ಹೇಳಿದೆ. ಹೀಲರ್ ಇಲ್ಲದೆ ಅವರು ಒಂದಷ್ಟು ದಿನ ಅಪರಿಚಿತರನ್ನು ಕರೆದುಕೊಂಡು ಹೋದರು, ಬಳಿಕ ಅದೂ ನಿಂತಿತು. ಆಟ ನಿಂತಿದ್ದಕ್ಕಿಂತ ಹೆಚ್ಚಾಗಿ, ಆ ನೆಪದಲ್ಲಿ ಐವರೂ ದಿನಾ ಕನ್ನಡದಲ್ಲಿ ಹರಟುತ್ತಿದ್ದದ್ದು ನಿಂತಿತು. ವರ್ಷದ ಮೇಲೆ ಹೈದರಾಬಾದಿನವನಿಗೆ ನಿಜ ಹೇಳಿದೆ. “ಅವತ್ತೇ ಬೇಡ ಅಂದಿದ್ದರೆ ನಾನೇ ಹೀಲರ್ ಆಗ್ತಿದ್ದೆನಲ್ಲೋ, ನನಗೆ ಅದೇ ಇಷ್ಟ ಇತ್ತು” ಎಂದ.

ಹೀಲರ್ ಆಗಲು ನಿಜವಾಗಿ ಇಷ್ಟಪಡುವವರು ಎಂಥವರು ಎಂಬುದಕ್ಕೆ ಒಂದು ಪ್ರಸಂಗವಿದೆ. 2005ರ ಸೆಪ್ಟೆಂಬರ್‌ನಲ್ಲಿ ಇದೇ ಆಟದಲ್ಲಿ, ಹಕ್ಕಾರ್ ಎಂಬ ರಾಕ್ಷಸ ಹಾಕುವ ರಕ್ತದ ಸೋಂಕು ಕಾಳಗದ ಜಾಗ ಬಿಟ್ಟು ಹೊರಗೆ ಹಬ್ಬಿತು. ಹರಡಿದ್ದು ಮುಖ್ಯವಾಗಿ ಸಾಕುಪ್ರಾಣಿಗಳಿಂದ. ಒಡೆಯರು ಅವನ್ನು ಅಲ್ಲಿ ಮರೆಮಾಡಿ ಊರಿಗೆ ಬಂದು ಮತ್ತೆ ಕರೆದಾಗ ಸೋಂಕೂ ಜೊತೆಗೆ ಬಂತು. ಚಿಕ್ಕ ಲೆವೆಲ್‌ನವರು ಕ್ಷಣಗಳಲ್ಲಿ ಸತ್ತರು. ಕೆಲವರು ಊರು ಬಿಟ್ಟು ಓಡಿದರು, ಕೆಲವರು ಬೇಕೆಂದೇ ಅಂಟಿಸಿದರು. ಹೀಲರ್‌ಗಳು ಹಲವರು ಯಾರೂ ಕರೆಯದೆಯೇ ಓಡಿಬಂದು ಅಪರಿಚಿತರನ್ನು ಬದುಕಿಸಲು ನಿಂತರು, ಕೆಲವರಿಗೆ ತಮಗೂ ಅಂಟಿತು. ಕೊನೆಗೆ ಕಂಪನಿಯೇ ಸರ್ವರ್‌ಗಳನ್ನು ಹೊಸದಾಗಿ ಶುರು ಮಾಡಬೇಕಾಯಿತು. ಸಾಂಕ್ರಾಮಿಕದ ವೇಳೆ ಜನ ಹೇಗೆ ವರ್ತಿಸುತ್ತಾರೆ ಎಂಬುದಕ್ಕೆ ಇದು ಪಾಠವಾಗಬಹುದೆಂದು 2007ರಲ್ಲಿ ‘ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನವೇ ಬಂತು.

ಡೊಂಬಿವಲಿಯ ಆ ತಾಯಿಗೆ ಇಷ್ಟೆಲ್ಲ ಹೇಳಲಿಲ್ಲ. ಅವರು ಕೊನೆಗೆ ಕೇಳಿದ್ದು ಒಂದೇ: “ಊಟಕ್ಕೆ ಕರೆದರೆ ಎದ್ದು ಬರೋ ಕ್ಲಾಸ್ ಯಾವುದು ಸಾರ್?” ಹಂಟರ್, ಎಂದೆ. ಎರಡು ದಿನದ ಮೇಲೆ ಮತ್ತೆ ಫೋನ್ ಮಾಡಿದರು. ಮಗ ಪ್ರೀಸ್ಟ್ ಆದನಂತೆ, ಅವನಿಗೆ ಅದೇ ಬೇಕಂತೆ. ಈಗ ಅವರ ಮನೆಯಲ್ಲಿ ರಾತ್ರಿಯ ಊಟ ಎಂಟೂವರೆಗಲ್ಲ, ಏಳೂಮುಕ್ಕಾಲಿಗೆ.